ಎಮರ್ಸನ್ ಹೆಸರಿನ ಹುಡುಗ



ಪದವಿ ಪರೀಕ್ಷೆಗಳು ಹತ್ತಿರವಾದಂತೆ ಇಂಗ್ಲಿಷ್ ಸಾಹಿತ್ಯ ಓದುವ ಮಕ್ಕಳ ಕೈಗೆ ಗೈಡುಗಳು ಬರುತ್ತವೆ. ಕಾದಂಬರಿ ಮುನ್ನೂರು ಪುಟವಿದ್ದರೆ ಗೈಡು ಅರವತ್ತು ಪುಟ. ಅದರಲ್ಲಿ ಕಥಾಸಾರಾಂಶ ಇರುತ್ತದೆ. ಪಾತ್ರಗಳ ಪರಿಚಯ ಇರುತ್ತದೆ. ಹತ್ತು ಅಂಕದ ಪ್ರಶ್ನೆಗೆ ಎರಡು ಪುಟದ ಸಿದ್ಧ ಉತ್ತರವೂ ಇರುತ್ತದೆ. ಇಲ್ಲದ್ದು ಒಂದೇ. ಓದಿದ ಹುಡುಗನಿಗೆ, ಓದಿದ ಹುಡುಗಿಗೆ ಏನನ್ನಿಸಿತು ಎಂಬ ಮಾತು. ಅದಕ್ಕೆ ಅಂಕವಿಲ್ಲವಲ್ಲ!

ಇವತ್ತಿನ ಭಾಷಣ ಆ ಅಂಕವಿಲ್ಲದ ಮಾತಿನ ಬಗ್ಗೆಯೇ. ಅಮೆರಿಕದ ಅಭಿಜಾತ ಸಾಹಿತ್ಯವನ್ನು ಅಲ್ಲಿನ ಕೆಲವು ವಿದ್ಯಾರ್ಥಿಗಳು ಓದಿದರು. ಒಬ್ಬ ಓದದೆ ತಪ್ಪಿಸಿಕೊಂಡ. ಒಬ್ಬಳು ಸಿಟ್ಟಾದಳು. ಒಬ್ಬ ಮತ್ತೆ ಮತ್ತೆ ಓದಿದ. ಇನ್ನೊಬ್ಬಳು ಪುಟದ ಅಂಚಿನಲ್ಲಿ ಒಂದೇ ಒಂದು ಪದ ಬರೆದಿಟ್ಟಳು. ಮುಂದೆ ಈ ನಾಲ್ವರೂ ಹೆಸರಾದವರೇ. ಆದರೆ ಆಗ ಬರೀ ವಿದ್ಯಾರ್ಥಿಗಳು.

ತಪ್ಪಿಸಿಕೊಂಡವನಿಂದ ಶುರುಮಾಡೋಣ. ಅವನ ಕಥೆಯೇ ದೊಡ್ಡದು.

ಓಕ್ಲಹೋಮ ನಗರದಲ್ಲಿ ಲೂಯಿಸ್ ಎಲಿಸನ್ ಎಂಬ ಕಪ್ಪು ಜನಾಂಗದ ಗೃಹಸ್ಥರಿದ್ದರು. ಮಂಜುಗಡ್ಡೆ, ಕಲ್ಲಿದ್ದಲು ಮಾರಿ ಸಂಸಾರ ನಡೆಸುತ್ತಿದ್ದರು. ಓದಿನ ಹುಚ್ಚು ಬಹಳ. ಗಂಡುಮಗು ಹುಟ್ಟಿದಾಗ ಮೆಚ್ಚಿನ ಲೇಖಕನ ಹೆಸರನ್ನೇ ಇಟ್ಟರು. ರಾಲ್ಫ್ ವಾಲ್ಡೋ ಎಮರ್ಸನ್ ಎಂಬುದು ಲೇಖಕನ ಹೆಸರು. ಮಗು ರಾಲ್ಫ್ ವಾಲ್ಡೋ ಎಲಿಸನ್ ಆಯಿತು. ನಮ್ಮಲ್ಲಿ ಮಗನಿಗೆ ರವೀಂದ್ರನಾಥ ಎಂದು ಹೆಸರಿಟ್ಟು, ಇವನೂ ಕವಿಯಾಗಲಿ ಎಂದು ಹಾರೈಸುತ್ತಾರಲ್ಲ, ಹಾಗೆ. ಮಗ ಇನ್ನೂ ಕೂಸಾಗಿದ್ದಾಗಲೇ, 1916ರಲ್ಲಿ, ತಂದೆ ತೀರಿಕೊಂಡರು. ಮನೆಯಲ್ಲಿ ಉಳಿದದ್ದು ಬಡತನ ಮತ್ತು ಆ ಉದ್ದನೆಯ ಹೆಸರು.

ಹುಡುಗನಿಗೆ ಹೆಸರೇ ಕಾಟವಾಯಿತು. ಕೇಳಿದ ಹಿರಿಯರು ನಗುತ್ತಿದ್ದರು. ಯಾಕೆ ನಗುತ್ತಾರೆಂದು ಅವನಿಗೆ ಅರ್ಥವಾಗುತ್ತಿರಲಿಲ್ಲ. ಕೊನೆಗೆ ಅವನು ವಾಲ್ಡೋ ಎಂಬುದನ್ನು ಕತ್ತರಿಸಿ ಬರೀ ‘ಡಬ್ಲ್ಯು’ ಎಂದು ಬರೆಯತೊಡಗಿದ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಎಮರ್ಸನ್ ಬರೆದದ್ದು ಯಾವುದೇ ಇರಲಿ, ಅದರ ಹತ್ತಿರ ಸುಳಿಯಬಾರದೆಂದು ತೀರ್ಮಾನಿಸಿಕೊಂಡ. ಮುಂದೆ ದೊಡ್ಡವನಾದ ಮೇಲೆ ಒಂದು ಪ್ರಬಂಧದಲ್ಲಿ ಇದನ್ನೆಲ್ಲ ಅವನೇ ಹೇಳಿಕೊಂಡಿದ್ದಾನೆ.

ಎಮರ್ಸನ್ ಯಾರು? ಮ್ಯಾಸಚೂಸೆಟ್ಸ್‌ನ ಕಾನ್ಕರ್ಡ್ ಎಂಬ ಊರಿನ ಚಿಂತಕ. ಅಮೆರಿಕದ ಬೌದ್ಧಿಕ ಬದುಕಿನ ಹಿರಿಯಜ್ಜ ಎನ್ನಬಹುದು. 1837ರಲ್ಲಿ ಹಾರ್ವರ್ಡ್‌ನಲ್ಲಿ ಅವರೊಂದು ಭಾಷಣ ಮಾಡಿದರು. ಗ್ರಂಥಾಲಯದಲ್ಲಿ ಕೂತು ಹಳೆಯ ದೊಡ್ಡವರ ಮಾತಿಗೆ ತಲೆಯಾಡಿಸುವ ಹುಡುಗರನ್ನು ಅಲ್ಲಿ ಎಚ್ಚರಿಸಿದರು. ಆ ದೊಡ್ಡವರೂ ಪುಸ್ತಕ ಬರೆದಾಗ ಗ್ರಂಥಾಲಯದಲ್ಲಿ ಕೂತ ಹುಡುಗರೇ ಆಗಿದ್ದರು ಎಂದು ನೆನಪಿಸಿದರು. ಹಾಗೆ ನೋಡಿದರೆ, ಎಮರ್ಸನ್ನನ್ನು ಓದಲೊಲ್ಲೆ ಎಂದ ಓಕ್ಲಹೋಮದ ಹುಡುಗ ಎಮರ್ಸನ್ ಮಾತನ್ನೇ ಪಾಲಿಸಿದ. ಅದು ಅವನಿಗೆ ಗೊತ್ತಿರಲಿಲ್ಲ, ಅಷ್ಟೆ.

ಓದು ಮಾತ್ರ ಅವನನ್ನು ಬಿಡಲಿಲ್ಲ. ತಾಯಿ ಐಡಾ ಬಿಳಿಯರ ಮನೆಗಳಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿ ಬೇಡವಾದ ಪತ್ರಿಕೆ, ಪುಸ್ತಕ, ಸಂಗೀತದ ತಟ್ಟೆಗಳನ್ನು ಮನೆಗೆ ತರುತ್ತಿದ್ದರು. ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ಒಮ್ಮೆ ಕಪ್ಪು ಜನರಲ್ಲೊಬ್ಬರು ಒಳಗೆ ಹೋಗಿಯೇ ಬಿಟ್ಟರು. ಆಗ ನೋಡಿದರೆ, ಅವರನ್ನು ತಡೆಯುವ ಕಾನೂನೇ ಇಲ್ಲ! ಆಡಳಿತಕ್ಕೆ ಗಾಬರಿ. ತರಾತುರಿಯಲ್ಲಿ ಕಪ್ಪು ಜನರ ಕೇರಿಯಲ್ಲೇ ಎರಡು ಕೋಣೆ ಹಿಡಿದು ಬೇರೆ ಗ್ರಂಥಾಲಯ ತೆರೆದರು. ಅದಕ್ಕೆ ಮುಂಚೆ ಅಲ್ಲಿ ಬಿಲಿಯರ್ಡ್ಸ್ ಆಡುತ್ತಿದ್ದರಂತೆ. ಕೈಗೆ ಸಿಕ್ಕ ಪುಸ್ತಕವನ್ನೆಲ್ಲ ತಂದು ಕಪಾಟಿಗೆ ತುಂಬಿದರು. ಮಕ್ಕಳದ್ದು ಯಾವುದು, ದೊಡ್ಡವರದ್ದು ಯಾವುದು ಎಂದು ವಿಂಗಡಿಸಲು ಪುರುಸೊತ್ತಿರಲಿಲ್ಲ. ಪಕ್ಷಪಾತದಿಂದ ಹುಟ್ಟಿದ ಆ ಗಡಿಬಿಡಿಯೇ ಎಲಿಸನ್‌ಗೆ ವರವಾಯಿತು. ಕಾಲ್ಪನಿಕ ಕಥೆಯ ಪಕ್ಕದಲ್ಲೇ ಗಂಭೀರ ಶಾಸ್ತ್ರಗ್ರಂಥ. ಎಲ್ಲವನ್ನೂ ಓದಿದ.

ಹೀಗೆ ಓದಿದ ಪುಸ್ತಕಗಳಲ್ಲಿ ಮಾರ್ಕ್ ಟ್ವೇನ್‌ನ ‘ಹಕಲ್‌ಬೆರಿ ಫಿನ್’ ಒಂದು. ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಕುಡುಕ ಅಪ್ಪನಿಂದ ಓಡಿಹೋದ ಬಿಳಿ ಹುಡುಗ ಹಕ್. ಮಾರಾಟವಾಗುವ ಭಯದಿಂದ ಓಡಿಹೋದ ಕಪ್ಪು ಗುಲಾಮ ಜಿಮ್. ಇಬ್ಬರೂ ತೆಪ್ಪದ ಮೇಲೆ ಮಿಸಿಸಿಪ್ಪಿ ನದಿಯಲ್ಲಿ ತೇಲುತ್ತಾ ಹೋಗುತ್ತಾರೆ. ಎಲಿಸನ್ ಯಾರೊಂದಿಗೆ ತನ್ನನ್ನು ಗುರುತಿಸಿಕೊಂಡಿರಬಹುದು? ಗೈಡಿನ ಪ್ರಕಾರ ಜಿಮ್ ಜೊತೆ. ಬಣ್ಣ ಒಂದೇ ತಾನೇ? ಅಲ್ಲ. ಅವನು ಹಕ್ ಆದ. ತಮ್ಮನಿಗೆ ಹಕ್ ಎಂದು ಅಡ್ಡಹೆಸರನ್ನೂ ಇಟ್ಟ. ಜಿಮ್ ಅವನಿಗೆ ನಿಜವಾದ ಮನುಷ್ಯನಾಗಿ ಕಾಣಲಿಲ್ಲ. ಬಿಳಿಯನೊಬ್ಬ ಅರೆಬರೆಯಾಗಿ ಬಿಡಿಸಿದ ಗುಲಾಮನ ಚಿತ್ರವಾಗಿ ಕಂಡ. ಇದನ್ನವರು 1958ರಲ್ಲಿ ಬರೆದರು. ಬಾಲ್ಯದ ಅನಿಸಿಕೆಯನ್ನು ವಿಮರ್ಶೆಯ ಮಾತಾಗಿಸಲು ಅಷ್ಟು ವರ್ಷ ಹಿಡಿಯಿತು.

ಇಲ್ಲಿಯವರೆಗೆ ಕೇಳಿದ್ದು ಹುಡುಗನ ಓದು. ಒಬ್ಬ ಲೇಖಕನನ್ನು ದೂರವಿಟ್ಟ. ಇನ್ನೊಬ್ಬನ ಪುಸ್ತಕದಲ್ಲಿ ಒಂದು ಪಾತ್ರವನ್ನು ಒಪ್ಪಿದ, ಇನ್ನೊಂದನ್ನು ಒಪ್ಪಲಿಲ್ಲ. ಈಗ ಅವನ ಕಾಲೇಜಿಗೆ ಹೋಗೋಣ.

1933. ಆರ್ಥಿಕ ಮುಗ್ಗಟ್ಟಿನ ಕಾಲ. ಅಲಬಾಮ ರಾಜ್ಯದ ಟಸ್ಕೀಗಿ ಸಂಸ್ಥೆಯಲ್ಲಿ ಎಲಿಸನ್‌ಗೆ ಸೀಟು ಸಿಕ್ಕಿತು. ಕಲಿಯಬೇಕಾದದ್ದು ಸಂಗೀತ. ವಾದ್ಯ ತುತ್ತೂರಿ. ರೈಲಿನ ಟಿಕೆಟ್ಟಿಗೆ ಮಾತ್ರ ಕಾಸಿರಲಿಲ್ಲ. ಗೂಡ್ಸ್ ರೈಲುಗಳಿಗೆ ಕದ್ದು ಹತ್ತಿ ಹೋದ. ದಾರಿಯಲ್ಲಿ ರೈಲ್ವೆ ಕಾವಲುಗಾರರ ಕೈಗೆ ಸಿಕ್ಕಿಬಿದ್ದ. ಕಾಲೇಜು ಮುಟ್ಟುವಾಗ ತಲೆಯಲ್ಲಿ ಗಾಯವಿತ್ತು.

ಟಸ್ಕೀಗಿಯ ಆವರಣದಲ್ಲಿ ಒಂದು ಕಂಚಿನ ಪ್ರತಿಮೆ ಇದೆ. ಬಾನುಲಿಯಲ್ಲಿ ತೋರಿಸಲಾಗದು, ಮಾತಿನಲ್ಲೇ ಕಲ್ಪಿಸಿಕೊಳ್ಳಿ. ಸಂಸ್ಥೆ ಕಟ್ಟಿದ ಬೂಕರ್ ಟಿ. ವಾಷಿಂಗ್ಟನ್ ನೆಟ್ಟಗೆ ನಿಂತಿದ್ದಾರೆ. ಕಾಲ ಬಳಿ ಗುಲಾಮಗಿರಿಯಿಂದ ಬಿಡುಗಡೆಯಾದ ಒಬ್ಬ ಮನುಷ್ಯ ಕೂತಿದ್ದಾನೆ. ಅವನ ತಲೆಯ ಮೇಲಿನ ಮುಸುಕಿನ ತುದಿ ವಾಷಿಂಗ್ಟನ್ನರ ಕೈಯಲ್ಲಿದೆ. ಅಜ್ಞಾನದ ಮುಸುಕನ್ನು ಎತ್ತುತ್ತಿದ್ದಾರೆ ಎಂಬುದು ಶಿಲ್ಪದ ಅರ್ಥ. ಎಲಿಸನ್ ಮುಂದೆ ಬರೆದ ಕಾದಂಬರಿಯಲ್ಲಿ ಇಂಥದೇ ಪ್ರತಿಮೆ ಬರುತ್ತದೆ. ನಾಯಕ ಅದನ್ನು ನೋಡುತ್ತಾ ನಿಲ್ಲುತ್ತಾನೆ. ಮುಸುಕು ಮೇಲೇಳುತ್ತಿದೆಯೋ, ಇನ್ನಷ್ಟು ಬಿಗಿಯಾಗಿ ಕೆಳಗಿಳಿಯುತ್ತಿದೆಯೋ? ಅವನಿಗೆ ಗೊತ್ತಾಗುವುದಿಲ್ಲ.

ಈ ಸಂಸ್ಥೆಯ ಗ್ರಂಥಾಲಯದಲ್ಲಿ ಎಲಿಸನ್ ಕೈಗೆ ಟಿ. ಎಸ್. ಎಲಿಯಟ್‌ನ ‘ದಿ ವೇಸ್ಟ್ ಲ್ಯಾಂಡ್’ ಸಿಕ್ಕಿತು. 1922ರ ಕವಿತೆ. ಎಲಿಯಟ್ ಹುಟ್ಟಿದ್ದು ಸೇಂಟ್ ಲೂಯಿಸ್‌ನಲ್ಲಿ, ಹಕ್ ತೇಲಿಹೋದ ಅದೇ ಮಿಸಿಸಿಪ್ಪಿಯ ದಂಡೆಯಲ್ಲಿ. ಕವಿತೆ ಮುಗಿಯುವುದು ನಮ್ಮ ಉಪನಿಷತ್ತಿನ ಶಾಂತಿಪಾಠದ ಪದದಿಂದ. ನಡುವೆ ಆರೇಳು ಭಾಷೆಗಳು, ನೂರಾರು ಸೂಚನೆಗಳು. ಎಲಿಸನ್‌ಗೆ ಅರ್ಥವಾಗಲಿಲ್ಲ. ಆದರೆ ಕಿವಿಗೆ ಏನೋ ತಟ್ಟಿತು. ಅವನು ಸಂಗೀತದ ವಿದ್ಯಾರ್ಥಿ ಅಲ್ಲವೇ? ಕವಿತೆಯ ಲಯ ಜಾಜ್ ಸಂಗೀತದ ಲಯದ ಹಾಗೆ ಕೇಳಿಸಿತು. ಒಂದು ರಾಗದಿಂದ ಇನ್ನೊಂದಕ್ಕೆ ಜಿಗಿಯುವುದು, ಹಳೆಯ ಹಾಡಿನ ತುಣುಕನ್ನು ನಡುವೆ ತಂದು ತೂರಿಸುವುದು, ಇವೆಲ್ಲ ಲೂಯಿ ಆರ್ಮ್‌ಸ್ಟ್ರಾಂಗ್ ತುತ್ತೂರಿಯಲ್ಲಿ ಮಾಡುತ್ತಿದ್ದ ಕೆಲಸ. ಯಾವ ಪ್ರಾಧ್ಯಾಪಕರೂ ಇದನ್ನು ಅವನಿಗೆ ಹೇಳಿಕೊಟ್ಟಿರಲಿಲ್ಲ. ಓಕ್ಲಹೋಮದ ಜಾಜ್ ಕೇಳಿ ಬೆಳೆದ ಕಿವಿ ಹೇಳಿತು.

ಇಲ್ಲಿ ಒಬ್ಬ ಮೇಷ್ಟ್ರನ್ನು ನೆನೆಯಬೇಕು. ಇಂಗ್ಲಿಷ್ ಅಧ್ಯಾಪಕ ಮೊರ್ಟೀಜ಼ಾ ಸ್ಪ್ರೇಗ್. ಎಲಿಸನ್ ಅವರ ಬಳಿ ಹೋಗಿ ಎಲಿಯಟ್ ಬಗ್ಗೆ ಕೇಳಿದ. ತಾವು ಆ ಕವಿಯನ್ನು ಅಷ್ಟಾಗಿ ಓದಿಲ್ಲ, ಇಲ್ಲಿ ಅದನ್ನು ಪಾಠ ಮಾಡುವುದೂ ಇಲ್ಲ ಎಂದು ಸ್ಪ್ರೇಗ್ ನೇರವಾಗಿ ಒಪ್ಪಿಕೊಂಡರು. ಆದರೆ ಯಾವ ವಿಮರ್ಶೆ ಎಲ್ಲಿ ಸಿಗುತ್ತದೆ ಎಂದು ತಿಳಿಸಿದರು. ಹುಡುಕಿ ಓದು ಎಂದರು. ತರಗತಿಯಲ್ಲಿ ‘ನನಗೆ ಗೊತ್ತಿಲ್ಲ’ ಎನ್ನುವ ಮೇಷ್ಟ್ರುಗಳು ಎಲ್ಲ ಕಾಲಕ್ಕೂ ಕಡಿಮೆಯೇ. ಸುಮಾರು 30 ವರ್ಷ ಕಳೆದ ಮೇಲೆ ಎಲಿಸನ್ ತಮ್ಮ ಮೊದಲ ಪ್ರಬಂಧ ಸಂಕಲನವನ್ನು ಈ ಸ್ಪ್ರೇಗ್ ಅವರಿಗೇ ಅರ್ಪಿಸಿದರು.

ಸಂಗೀತ ಹಿಂದೆ ಉಳಿಯಿತು. 1936ರಲ್ಲಿ ಎಲಿಸನ್ ನ್ಯೂಯಾರ್ಕಿಗೆ ಹೋದರು. 1952ರಲ್ಲಿ ‘ಇನ್‌ವಿಸಿಬಲ್ ಮ್ಯಾನ್’ ಕಾದಂಬರಿ ಬಂತು. ಮರುವರ್ಷ ಅದಕ್ಕೆ ನ್ಯಾಷನಲ್ ಬುಕ್ ಅವಾರ್ಡ್ ದೊರೆಯಿತು. ಆ ಕಾದಂಬರಿಯಲ್ಲಿ ಒಂದು ಸ್ವಾರಸ್ಯವಿದೆ. ಕಾಲೇಜಿಗೆ ದಾನ ಕೊಡುವ ಬಿಳಿಯ ಶ್ರೀಮಂತನೊಬ್ಬ ಕಪ್ಪು ವಿದ್ಯಾರ್ಥಿಯನ್ನು ಕೇಳುತ್ತಾನೆ, ಎಮರ್ಸನ್ನನ್ನು ಓದಿದ್ದೀಯಾ ಎಂದು. ಹುಡುಗನಿಗೆ ನಾಚಿಕೆ. ಓದಿಲ್ಲ. ಮುಂದೆ ಅದೇ ಹುಡುಗ ಶಿಫಾರಸು ಪತ್ರ ಹಿಡಿದು ನ್ಯೂಯಾರ್ಕಿನ ಒಂದು ಕಚೇರಿಗೆ ಹೋಗುತ್ತಾನೆ. ಆ ಕಚೇರಿಯ ಯಜಮಾನನ ಹೆಸರು ಎಮರ್ಸನ್! ಯಜಮಾನನ ಮಗ ಪತ್ರವನ್ನು ತೋರಿಸುತ್ತಾನೆ. ಅದು ಶಿಫಾರಸೇ ಅಲ್ಲ. ಇವನಿಗೆ ಕೆಲಸ ಕೊಡದೆ ಓಡಾಡಿಸಿ ಎಂಬ ಅರ್ಥದ ಪತ್ರ. ಓಕ್ಲಹೋಮದ ಹುಡುಗ ತಪ್ಪಿಸಿಕೊಂಡಿದ್ದ ಹೆಸರಿಗೆ ಕಾದಂಬರಿಕಾರ ಕೊಟ್ಟ ಉತ್ತರ ಹೀಗಿತ್ತು.

ಎಲಿಸನ್ ಕಥೆಯಿಂದ ನೆನಪಿಡಬೇಕಾದದ್ದು ಇಷ್ಟು. ಮೊದಲ ಓದಿನ ಅನಿಸಿಕೆಯನ್ನು ಅವರು ತಪ್ಪು ಎಂದು ಅಳಿಸಿಹಾಕಲಿಲ್ಲ. ಸರಿ ಎಂದು ಅಲ್ಲೇ ಕೂರಲೂ ಇಲ್ಲ. ಇನ್ನು ಮುಂದಿನ ಕಥೆಗೆ ಬರೋಣ. ಪುಸ್ತಕ ಮತ್ತೆ ‘ಹಕಲ್‌ಬೆರಿ ಫಿನ್’. ವಿದ್ಯಾರ್ಥಿನಿ ಬೇರೆ.

ಕ್ಲೋಯಿ ವಾಫರ್ಡ್ ಎಂಬ ಹುಡುಗಿ 1931ರಲ್ಲಿ ಒಹಾಯೊ ರಾಜ್ಯದ ಲೊರೇನ್ ಎಂಬ ಊರಿನಲ್ಲಿ ಹುಟ್ಟಿದಳು. ಲೋಕಕ್ಕೆ ಅವರು ಟೋನಿ ಮಾರಿಸನ್. ಮೊದಲ ಸಲ ಒಬ್ಬಳೇ ಕೂತು ಆ ಪುಸ್ತಕ ಓದಿದಾಗ ಅವಳಿಗೆ ಆದದ್ದು ಭಯ. ಎರಡನೆಯ ಸಲ ಶಾಲೆಯಲ್ಲಿ, ಟೀಚರ್ ಹೇಳಿಕೊಡುವಾಗ ಓದಿದಳು. ಆಗ ಕಸಿವಿಸಿ ಹೋಗಲಿಲ್ಲ, ಇನ್ನೂ ಹೆಚ್ಚಾಯಿತು. ಒಳಗೊಳಗೇ ಅದುಮಿಟ್ಟ ಸಿಟ್ಟು. ಇದು ದೊಡ್ಡ ಕೃತಿ, ಮೆಚ್ಚಬೇಕು ಎನ್ನುತ್ತಾರೆ. ಮೆಚ್ಚಿದರೆ ಯಾವುದೋ ಅವಮಾನಕ್ಕೆ ತಾನೂ ಒಪ್ಪಿಗೆ ಕೊಟ್ಟಂತಾಗುತ್ತದೆ. ತರಗತಿಯಲ್ಲಿ ಕೂತ ಕಪ್ಪು ಹುಡುಗಿಯ ಇಕ್ಕಟ್ಟು ಇದು.

ಕಾರಣವಿಲ್ಲದೆ ಅಲ್ಲ. ಕಪ್ಪು ಜನರನ್ನು ಹೀಯಾಳಿಸುವ ಒಂದು ಪದ ಆ ಪುಸ್ತಕದಲ್ಲಿ 200ಕ್ಕೂ ಹೆಚ್ಚು ಸಲ ಬರುತ್ತದೆ. ಪುಸ್ತಕದ ಮೇಲಿನ ಜಗಳಕ್ಕೂ ಪುಸ್ತಕದಷ್ಟೇ ವಯಸ್ಸು. ಅಮೆರಿಕದಲ್ಲಿ ಅದು ಪ್ರಕಟವಾದದ್ದು 1885ರ ಫೆಬ್ರವರಿಯಲ್ಲಿ. ಮುಂದಿನ ತಿಂಗಳೇ ಕಾನ್ಕರ್ಡ್ ಊರಿನ ಗ್ರಂಥಾಲಯ ಅದನ್ನು ಹೊರಗಿಟ್ಟಿತು. ಎಮರ್ಸನ್ ಬಾಳಿದ ಅದೇ ಕಾನ್ಕರ್ಡ್! ಆಗಿನ ದೂರು ಬೇರೆ, ಪುಸ್ತಕದ ಭಾಷೆ ಒರಟು ಎಂಬುದು. 2011ರಲ್ಲಿ ಆ ಪದವನ್ನು ತೆಗೆದು ‘ಗುಲಾಮ’ ಎಂದು ಬದಲಿಸಿದ ಆವೃತ್ತಿಯೂ ಬಂತು.

ಮಾರಿಸನ್ ಏನು ಮಾಡಿದರು? ಪುಸ್ತಕವನ್ನು ಶಾಲೆಗಳಿಂದ ತೆಗೆಯಿರಿ ಎಂಬ ಕೂಗು 1980ರ ದಶಕದಲ್ಲಿ ಮತ್ತೆ ಎದ್ದಾಗ ಅವರು ಅದನ್ನು ಮತ್ತೆ ಓದಿದರು. ಆ ಕೂಗು ಅವರಿಗೆ ಒಪ್ಪಿಗೆಯಾಗಲಿಲ್ಲ. ಅದು ಮಕ್ಕಳಿಗೆ ಕಲಿಸುವ ದಾರಿಯಲ್ಲ, ದೊಡ್ಡವರನ್ನು ಸಮಾಧಾನಪಡಿಸುವ ದಾರಿ ಎಂದರು. ಹಾಗೆಂದು ತಮ್ಮ ಬಾಲ್ಯದ ಸಿಟ್ಟನ್ನೂ ಬಿಟ್ಟುಕೊಡಲಿಲ್ಲ. ಸಿಟ್ಟು ಎಲ್ಲಿಂದ ಬಂತು ಎಂದು ಹುಡುಕಿದರು. ಸಿಕ್ಕಿದ್ದು ಪುಸ್ತಕದ ಮೌನಗಳಲ್ಲಿ.

ಒಂದು ಉದಾಹರಣೆ ಕೇಳಿ. ಒಂದು ರಾತ್ರಿ ಜಿಮ್ ತನ್ನ ಪುಟ್ಟ ಮಗಳ ಕಥೆ ಹೇಳುತ್ತಾನೆ. ಬಾಗಿಲು ಹಾಕು ಎಂದು ಅವಳಿಗೆ ಹೇಳಿದ. ಅವಳು ಸುಮ್ಮನೆ ನಗುತ್ತಾ ನಿಂತಿದ್ದಳು. ಸಿಟ್ಟಿನಿಂದ ಹೊಡೆದುಬಿಟ್ಟ. ಆಮೇಲೆ ಅವಳ ಬೆನ್ನ ಹಿಂದೆ ಗಾಳಿಗೆ ಬಾಗಿಲು ದಡಾರನೆ ಬಡಿಯಿತು. ಮಗು ಬೆಚ್ಚಲಿಲ್ಲ. ಆಗ ಗೊತ್ತಾಯಿತು, ಜ್ವರ ಬಂದು ಮಗುವಿನ ಕಿವಿ ಹೋಗಿದೆ ಎಂದು. ಜಿಮ್ ಅಳುತ್ತಾನೆ. ಅಲ್ಲಿಗೆ ಅಧ್ಯಾಯ ಮುಗಿಯುತ್ತದೆ. ಮುಂದಿನ ಅಧ್ಯಾಯದಲ್ಲಿ ಬೇರೆಯೇ ವಿಷಯ. ಹಕ್ ಒಂದು ಮಾತೂ ಆಡುವುದಿಲ್ಲ. ಯಾಕೆ ಆಡುವುದಿಲ್ಲ? ಮಾರಿಸನ್ ಓದಿದ್ದು ಇಂಥ ಕಡೆಗಳಲ್ಲಿ. ಆ ಪುಸ್ತಕ ಎಬ್ಬಿಸುವ ವಾದವೇ ಆ ಪುಸ್ತಕದ ಹಿರಿಮೆ ಎಂಬ ನಿಲುವಿಗೆ ಅವರು ಬಂದರು. ಇದನ್ನವರು 1996ರಲ್ಲಿ ಅದೇ ಕಾದಂಬರಿಯ ಒಂದು ಆವೃತ್ತಿಗೆ ಬರೆದ ಮುನ್ನುಡಿಯಲ್ಲಿ ದಾಖಲಿಸಿದರು. ಅಷ್ಟರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದು ಮೂರು ವರ್ಷವಾಗಿತ್ತು.

ನಡುವೆ ಇನ್ನೊಂದು ಸಣ್ಣ ಪ್ರಸಂಗ. ಮಾರಿಸನ್ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಓದುವಾಗ, ಷೇಕ್ಸ್‌ಪಿಯರ್ ನಾಟಕಗಳಲ್ಲಿನ ಕಪ್ಪು ಪಾತ್ರಗಳ ಮೇಲೆ ಪ್ರಬಂಧ ಬರೆಯುತ್ತೇನೆ ಎಂದು ಕೇಳಿದ್ದರಂತೆ. ಅಧ್ಯಾಪಕರು ಗಾಬರಿಯಾದರು. ಅದೊಂದು ಕೀಳು ವಿಷಯ ಎಂಬ ಭಾವನೆ. ಕಪ್ಪು ಜನರಿಗಾಗಿಯೇ ಕಟ್ಟಿದ ವಿಶ್ವವಿದ್ಯಾಲಯದಲ್ಲೇ ಹೀಗೆ! ಆದರೆ ಆ ವಿದ್ಯಾರ್ಥಿನಿಯ ಪ್ರಶ್ನೆ ಸಾಯಲಿಲ್ಲ. ಅಮೆರಿಕದ ಬಿಳಿಯ ಲೇಖಕರ ಕೃತಿಗಳಲ್ಲಿ ಕಪ್ಪು ಜನ ಯಾಕೆ ಮತ್ತು ಹೇಗೆ ಬರುತ್ತಾರೆ ಎಂದು ಕೇಳುವ ಅವರ ‘ಪ್ಲೇಯಿಂಗ್ ಇನ್ ದ ಡಾರ್ಕ್’ 1992ರಲ್ಲಿ ಬಂತು. ಇಂದು ಅದೇ ಪಠ್ಯ.

ತಪ್ಪಿಸಿಕೊಂಡವನ ಕಥೆ ಆಯಿತು, ಸಿಟ್ಟಾದವಳ ಕಥೆ ಆಯಿತು. ಮತ್ತೆ ಮತ್ತೆ ಓದಿದವನ ಕಥೆ ಚಿಕ್ಕದು, ನಿಮಗೆ ಗೊತ್ತಿರುವಂಥದು. 1944. ಅಟ್ಲಾಂಟದ ಮೋರ್‌ಹೌಸ್ ಕಾಲೇಜಿಗೆ 15 ವರ್ಷದ ಹುಡುಗ ಸೇರಿದ. ಅಲ್ಲಿ ಓದುವಾಗ ಹೆನ್ರಿ ಡೇವಿಡ್ ಥೋರೋನ ನಾಗರಿಕ ಅಸಹಕಾರದ ಪ್ರಬಂಧ ಅವನ ಕೈಗೆ ಬಂತು. ಥೋರೋ ತೆರಿಗೆ ಕಟ್ಟಲೊಲ್ಲೆ ಎಂದು 1846ರಲ್ಲಿ ಒಂದು ರಾತ್ರಿ ಜೈಲಿನಲ್ಲಿದ್ದ. ಆ ಅನುಭವದ ಬರಹ. ಕೆಟ್ಟ ವ್ಯವಸ್ಥೆಯ ಜೊತೆ ಕೈಜೋಡಿಸದಿರುವುದು ಎಂಬ ವಿಚಾರ ಹುಡುಗನನ್ನು ಹಿಡಿದುಕೊಂಡಿತು. ಹಲವು ಸಲ ಓದಿದ. 1955ರ ಡಿಸೆಂಬರಿನಲ್ಲಿ ಮಾಂಟ್‌ಗೊಮರಿ ನಗರದ ಕಪ್ಪು ಜನ ಬಸ್ಸು ಹತ್ತುವುದನ್ನು ನಿಲ್ಲಿಸಿದರು. ಒಂದು ವರ್ಷಕ್ಕೂ ಮಿಕ್ಕಿ ಬಸ್ಸಿಲ್ಲದೆ ಓಡಾಡಿದರು. ಆ ಚಳವಳಿಯ ಮುಂದಾಳು ಅದೇ ಹುಡುಗ, ಮಾರ್ಟಿನ್ ಲೂಥರ್ ಕಿಂಗ್. ಬಹಿಷ್ಕಾರ ಎಂಬುದರ ಸರಿತಪ್ಪುಗಳನ್ನು ತೂಗುತ್ತಿದ್ದಾಗ ಕಾಲೇಜಿನಲ್ಲಿ ಓದಿದ ಆ ಪ್ರಬಂಧ ನೆನಪಾಯಿತು ಎಂದು ಅವರೇ ಬರೆದಿದ್ದಾರೆ.

ಇನ್ನು ಒಂದು ಪದ ಬರೆದವಳು. ಸ್ಮಿತ್ ಕಾಲೇಜಿನಲ್ಲಿ 1950ರ ದಶಕದಲ್ಲಿ ಓದುತ್ತಿದ್ದ ಸಿಲ್ವಿಯಾ ಪ್ಲಾತ್. ಪುಸ್ತಕ, ಸ್ಕಾಟ್ ಫಿಟ್ಜ್‌ಜೆರಾಲ್ಡ್‌ನ ‘ದ ಗ್ರೇಟ್ ಗ್ಯಾಟ್ಸ್‌ಬಿ’. ಈ ಪುಸ್ತಕದ್ದೇ ಒಂದು ವಿಚಿತ್ರ ಕಥೆ. 1925ರಲ್ಲಿ ಬಂದಾಗ ಲೇಖಕನ ನಿರೀಕ್ಷೆಯಷ್ಟು ಮಾರಾಟವಾಗಲಿಲ್ಲ. 1940ರಲ್ಲಿ ಅವನು ಸತ್ತಾಗ ಎರಡನೆಯ ಮುದ್ರಣದ ಪ್ರತಿಗಳು ಇನ್ನೂ ಗೋದಾಮಿನಲ್ಲಿದ್ದವು. ಮಹಾಯುದ್ಧದ ಕಾಲದಲ್ಲಿ ಸೈನಿಕರಿಗೆ ಹಂಚಲು ಸುಮಾರು ಒಂದೂವರೆ ಲಕ್ಷ ಪ್ರತಿ ಅಚ್ಚಾಯಿತು. ಆಮೇಲೆ ಕಾಲೇಜುಗಳಿಗೆ ಬಂತು. ಪ್ಲಾತ್ ತನ್ನ ಪ್ರತಿಯಲ್ಲಿ ಗೆರೆ ಎಳೆದಳು, ಅಂಚಿನಲ್ಲಿ ಬರೆದಳು. ಡೇಸಿ ಎಂಬ ಶ್ರೀಮಂತ ಹೆಂಗಸು ಬದುಕಿನ ಬಗ್ಗೆ ನಿರಾಸೆಯಿಂದ ಮಾತಾಡುವ ಕಡೆ ಬೇಸರ ಎಂಬರ್ಥದ ಫ್ರೆಂಚ್ ಪದವೊಂದನ್ನು ಬರೆದಿಟ್ಟಳು. ಅದೇ ಹೆಸರಿನ ಒಂದು ಸಾನೆಟ್ಟನ್ನೂ ಕಾಲೇಜಿನಲ್ಲಿರುವಾಗಲೇ ಬರೆದಳು. ಆ ಸಾನೆಟ್ ಅಚ್ಚಾಗದೆ ಉಳಿದಿತ್ತು. ಅಂಚಿನ ಪದಕ್ಕೂ ಕವಿತೆಗೂ ಇದ್ದ ನಂಟನ್ನು ಗುರುತಿಸಿದ್ದು ವರ್ಜೀನಿಯದ ಇನ್ನೊಬ್ಬ ವಿದ್ಯಾರ್ಥಿನಿ. 2006ರಲ್ಲಿ ಸಾನೆಟ್ ಪ್ರಕಟವಾಯಿತು. ಪ್ಲಾತ್ ಬರೆದ ಆ ಪ್ರತಿ ಈಗ ಸೌತ್ ಕೆರೊಲಿನ ವಿಶ್ವವಿದ್ಯಾಲಯದಲ್ಲಿದೆ. ಗ್ರಂಥಾಲಯದ ಪುಸ್ತಕದಲ್ಲಿ ಗೀಚಬೇಡಿ ಎನ್ನುವವರು ಸ್ವಂತ ಪುಸ್ತಕಕ್ಕೆ ವಿನಾಯಿತಿ ಕೊಡಬೇಕು.

ನಾಲ್ವರ ಕಥೆಯೂ ಆಯಿತು. ಇದಕ್ಕೂ ನಮಗೂ ಏನು ನಂಟು ಎಂದು ಕೆಲವರು ಕೇಳಬಹುದು. ನಂಟು ಹಳೆಯದು. 1964ರಲ್ಲಿ ಹೈದರಾಬಾದಿನಲ್ಲಿ ಅಮೆರಿಕನ್ ಅಧ್ಯಯನ ಸಂಶೋಧನಾ ಕೇಂದ್ರ ಶುರುವಾಯಿತು. ದೇಶದ ಎಲ್ಲ ಕಡೆಯ ಸಂಶೋಧನಾ ವಿದ್ಯಾರ್ಥಿಗಳು ಅಲ್ಲಿನ ಗ್ರಂಥಾಲಯಕ್ಕೆ ಹೋಗುತ್ತಿದ್ದರು. ಮೈಸೂರಿನಲ್ಲಿ ಸಿ. ಡಿ. ನರಸಿಂಹಯ್ಯನವರಿದ್ದರು. ಕೇಂಬ್ರಿಜ್‌ನಲ್ಲಿ ಎಫ್. ಆರ್. ಲೀವಿಸ್ ಬಳಿ ಕಲಿತವರು. ಮಹಾರಾಜ ಕಾಲೇಜಿನಲ್ಲಿ ಕಲಿಸಿದವರು. ಅಮೆರಿಕನ್ ಸಾಹಿತ್ಯದ ಬಗ್ಗೆ ಏಷ್ಯಾದವರ ಲೇಖನಗಳನ್ನು ಸೇರಿಸಿ ಅವರು 1972ರಲ್ಲಿ ಒಂದು ಸಂಪುಟ ತಂದರು. ಅದರ ಹೆಸರಿನಲ್ಲಿ ಅವರು ಆರಿಸಿದ ಪದ ‘ರೆಸ್ಪಾನ್ಸ್’. ಪ್ರತಿಸ್ಪಂದನ. ‘ಅಮೆರಿಕನ್ ಸಾಹಿತ್ಯ ಚರಿತ್ರೆ’ ಎನ್ನಲಿಲ್ಲ, ‘ಪರಿಚಯ’ ಎನ್ನಲಿಲ್ಲ. ಅಲ್ಲಿನವರು ಬರೆದರು ಸರಿ, ಇಲ್ಲಿನವರಾದ ನಿಮಗೆ ಏನನ್ನಿಸಿತು ಎಂದು ಕೇಳುವ ಪದ ಅದು. ಅಂಥ ಪ್ರಶ್ನೆ ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ಈಗಲೂ ಅಪರೂಪವೇ.

ಸಮಯ ಮುಗಿಯುತ್ತಾ ಬಂತು. ಮತ್ತೆ ಓಕ್ಲಹೋಮಕ್ಕೆ ಹೋಗಿ ಮುಗಿಸೋಣ. ಬಿಲಿಯರ್ಡ್ಸ್ ಕೋಣೆಯಲ್ಲಿ ಗಡಿಬಿಡಿಯಿಂದ ತುಂಬಿದ ಆ ಕಪಾಟುಗಳು ನೆನಪಿವೆಯಲ್ಲ? 1975ರಲ್ಲಿ ಅದೇ ನಗರ ಒಂದು ಹೊಸ ಗ್ರಂಥಾಲಯ ತೆರೆಯಿತು. ಅದಕ್ಕೆ ಎಲಿಸನ್ ಹೆಸರಿಟ್ಟರು. ಉದ್ಘಾಟನೆಗೆ ಎಲಿಸನ್ ಬಂದಿದ್ದರು. ಗ್ರಂಥಾಲಯ ಈಗಲೂ ಇದೆ. ಅದರ ಹೆಸರು ‘ರಾಲ್ಫ್ ಎಲಿಸನ್ ಲೈಬ್ರರಿ’. ಅದರಲ್ಲಿ ವಾಲ್ಡೋ ಇಲ್ಲ.